ಹತ್ತದೇ ಹೋದ ಬೆಂಕಿ

ಸ್ಟೀರಿಂಗ್ ಚಕ್ರದ ಆಕಾರದಲ್ಲಿ ಕಟ್ಟಿಸಿದ್ದ ಹೂವಿನ ಹಾರವನ್ನು ಅಪ್ಪನ ಎದೆಯ ಮೇಲಿಂದ ಎತ್ತಿಕೊಂಡು ಮಗಳು ದಡದಡನೆ ಹೊರಗೆ ಬಂದವಳೇ ಗೇಟಿನಾಚೆಗೆ ಬೀಸಿ ಒಗೆದಳು. ಹಾರ ಅಂಚಿನ ಮೇಲೆ ನಿಂತು ನಾಲ್ಕು ಮಾರು ಉರುಳಿಕೊಂಡು ಹೋಗಿ, ಹಲ್ಲಿನ ಡಾಕ್ಟರ ಬೂಟಿಗೆ ತಗುಲಿ ಮಗುಚಿ ಬಿತ್ತು. ಅದನ್ನು ತಂದವರೂ ಅವರೇ.

"ಏನಮ್ಮಾ ಇದು..." ಎಂದರು ಡಾಕ್ಟರು.

"ಅದ್ರ ರಿಬ್ಬನ್ ಓದಿ ಡಾಕ್ಟ್ರೇ. ಜೋರಾಗಿ ಓದಿ, ಎಲ್ರಿಗೂ ಕೇಳಿಸ್ಲಿ."

ಡಾಕ್ಟರು ಓದಲಿಲ್ಲ. ರಿಬ್ಬನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ 'ನಮ್ಮ ಸಂಘದ ಹೆಮ್ಮೆಯ ಮೇಸ್ತ್ರಿಗೆ' ಎಂದು ಬರೆಸಿದ್ದರು. ಹನ್ನೊಂದು ವರ್ಷದ ಹಿಂದೆ ಹಳೇ ಸ್ಪೋರ್ಟ್ಸ್ ಕಾರುಗಳ ಇದೇ ಸಂಘ, ಇದೇ ಲಾಂಛನವಿದ್ದ ಕಾಗದದ ಮೇಲೆ, 'ಸದರಿ ಮೇಸ್ತ್ರಿಗೂ ನಮಗೂ ಯಾವ ಸಂಬಂಧವೂ ಇರುವುದಿಲ್ಲ' ಎಂದು ಅಚ್ಚು ಹಾಕಿಸಿ ಸದಸ್ಯರಿಗೆಲ್ಲ ಹಂಚಿತ್ತು. ಬದುಕಿದ್ದಾಗ ಇಲ್ಲದ ಸಂಬಂಧ ಸತ್ತ ಮೂರನೇ ದಿನಕ್ಕೆ ಕುದುರಿಬಿಟ್ಟಿತ್ತು, ಅದೂ ಹೆಮ್ಮೆಯ ಸಮೇತ.

ಒಳಗೆ ಮುಂದಿನ ಕೋಣೆಯಲ್ಲಿ, ಮುಚ್ಚಳ ತೆಗೆದ ಪೆಟ್ಟಿಗೆಯ ಪಕ್ಕ, ಅಮ್ಮ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದುಕೊಂಡು ಕೂತಿದ್ದಳು. ಗೋಡೆಗೆ ಒರಗಿ ನಿಂತಿದ್ದವನು ಪೇಂಟರ್ ಮಾಮ. ಮೂವತ್ತು ವರ್ಷ, ಅಪ್ಪ ಕಾರು ರಿಪೇರಿ ಮಾಡುತ್ತಿದ್ದ ಶೆಡ್ಡಿನ ಪಕ್ಕದಲ್ಲೇ ಕಾರುಗಳಿಗೆ ಬಣ್ಣ ಹೊಡೆದವನು, ಮಾಮ ಎಂಬುದು ಬಾಯಿಮಾತಿಗೆ.

"ಎಸೆದು ಬಂದ್ಯಾ?" ಎಂದಳು ಅಮ್ಮ.

"ಬಂದೆ."

"ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನೇ ನಿಂಗೆ?"

"ಅಮ್ಮಾ, ಈ ಪೆಟ್ಟಿಗೆ ಮುಚ್ಚೋದ್ರೊಳಗೆ ಆ ಸಂಘದ ಅಧ್ಯಕ್ಷ ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕು. ಆ ಬೆಂಕಿ ಅಪ್ಪನ ತಪ್ಪಲ್ಲ ಅಂತ. ಅಷ್ಟೇ. ಹೇಳ್ಲಿ, ಹೇಳಿ ಬೇಕಾದಷ್ಟು ಹಾರ ಹಾಕ್ಲಿ."

"ಹೇಳಿದ್ರೆ ಇವರೇನು ಎದ್ದು ಕೂತ್ಕೋತಾರಾ?"

"ಎದ್ದು ಕೂತ್ರೆ ಮೊದಲು ಮೂಗು ಅರಳಿಸ್ತಾನೆ, ಆ ಡಾಕ್ಟ್ರ ಕಾರಿನ ಬುಡದಲ್ಲಿ ಆಯಿಲ್ ತೊಟ್ಟಿಕ್ತಿದೆ ಅಂತಾನೆ," ಎಂದ ಪೇಂಟರ್ ಮಾಮ. ಅಮ್ಮನಿಗೆ ನಗು ಬಂತು. ಬಂದ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಅಪ್ಪ ಸತ್ತಿದ್ದು ಶೆಡ್ಡಿನಲ್ಲಿ, ಹಾಡಹಗಲು. ಒಂದು ಹಸಿರು ಕಾರಿನ ಎಂಜಿನ್ ಓಡಿಸಿ ಸದ್ದು ಕೇಳುತ್ತಿದ್ದವನಿಗೆ ಎದೆ ಹಿಡಿದುಕೊಂಡಿದೆ. ಮಗಳು ಪಾನಾ ಹುಡುಕಲು ಒಳಗೆ ಹೋಗಿದ್ದಳು. ವಾಪಸು ಬಂದಾಗ ಅಪ್ಪ ಮಡ್ಗಾರ್ಡಿಗೆ ಒರಗಿ ನೆಲದ ಮೇಲೆ ಕೂತಿದ್ದ. ಎಂಜಿನ್ ನಿಂತಿತ್ತು. ಬ್ಯಾಟರಿಯ ಸಂಪರ್ಕ ಕಡಿಯುವ ಕೆಂಪು ಸ್ವಿಚ್ಚನ್ನೂ ತಿರುಗಿಸಿ ಆರಿಸಿದ್ದ. ಕೊನೆಯ ಉಸಿರಿಗೆ ಮುಂಚೆ ಅವನಿಗೆ ಮಗಳನ್ನು ಕೂಗುವುದಕ್ಕಿಂತ ಅದು ಮುಖ್ಯವಾಗಿ ಕಂಡಿತ್ತು. ಅದನ್ನು ನೆನೆದರೆ ಅವಳಿಗೆ ಹೆಮ್ಮೆಯೂ ಆಗುತ್ತಿತ್ತು, ಮೈಯೂ ಉರಿಯುತ್ತಿತ್ತು. ಸುಡಬೇಡಿ, ಹೂಳಿ ಎಂದು ಮೊದಲೇ ಹೇಳಿಟ್ಟಿದ್ದ. "ಜೀವಮಾನ ಪೂರ್ತಿ ಬೆಂಕಿ ಜೊತೆ ಜಗಳ ಆಡಿದೀನಿ, ಕೊನೆಗೆ ಅದರ ಕೈಗೇ ಕೊಟ್ಬಿಡ್ಬೇಡ್ರಪ್ಪಾ" ಎಂದಿದ್ದ.

ಹೊರಗೆ ಒಂದರ ಹಿಂದೊಂದು ಎಂಜಿನ್ನುಗಳು ಗುಡುಗಿ ನಿಂತವು. ಸಂಘದ ಕಾರುಗಳು ಬಂದಿದ್ದವು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಉದ್ದ ಮೂತಿಯ, ಎರಡೇ ಸೀಟಿನ ಕಾರುಗಳು. ಒಂದೊಂದಕ್ಕೂ ಐವತ್ತು, ಅರವತ್ತು ವರ್ಷ. ಮಗಳು ಕಿಟಕಿಯಿಂದ ಎಣಿಸಿದಳು, ಒಟ್ಟು ಹದಿನಾಲ್ಕು. ಹದಿನಾಲ್ಕರ ಹೊಟ್ಟೆಯೊಳಗೂ ಅಪ್ಪನ ಕೈ ಆಡಿತ್ತು. ಕಾಗದ ಹಂಚಿದ ಮೇಲೂ ಅವರೆಲ್ಲ ಬಂದಿದ್ದರು, ಒಬ್ಬೊಬ್ಬರಾಗಿ, ಶೆಡ್ಡಿನ ಹಿಂದಿನ ಗೇಟಿನಿಂದ, ಅಧ್ಯಕ್ಷರಿಗೆ ಗೊತ್ತಾಗದ ಹಾಗೆ. ಹಲ್ಲಿನ ಡಾಕ್ಟರಂತೂ ತಮ್ಮ ಕೆಂಪು ಕಾರಿಗೆ ಟಾರ್ಪಾಲು ಹೊದಿಸಿಕೊಂಡು ಲಾರಿಯ ಮೇಲೆ ಹೇರಿಸಿ ಕಳಿಸುತ್ತಿದ್ದರು. ಕೊನೆಕೊನೆಗೆ ಅಧ್ಯಕ್ಷರೇ ಹಿಂದಿನ ಗೇಟಿಗೆ ಬಂದರು. ಮೂರು ತಿಂಗಳ ಹಿಂದೆ ಅವರ ಬೆಳ್ಳಿ ಬಣ್ಣದ ಕಾರಿಗೆ ಪೆಟ್ರೋಲಿನ ಪೈಪುಗಳನ್ನೆಲ್ಲ ಹೊಸದು ಹಾಕಿಕೊಟ್ಟವಳು ಸ್ವತಃ ಮಗಳೇ. ಆವತ್ತೇ ಅವರ ಕುತ್ತಿಗೆಪಟ್ಟಿ ಹಿಡಿದು ಕೇಳುವವಳಿದ್ದಳು. ಅಪ್ಪ ಕಣ್ಣಲ್ಲೇ ತಡೆದಿದ್ದ.

ಅಧ್ಯಕ್ಷರು ಕಪ್ಪು ಕೋಟಿನಲ್ಲಿ ಒಳಗೆ ಬಂದರು. ಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿ, ಅಳತೆ ಮಾಡಿಟ್ಟಷ್ಟು ಹೊತ್ತು ನಿಂತು, ಅಮ್ಮನ ಕಡೆ ತಿರುಗಿದರು.

"ಮೇಸ್ತ್ರಿಗೆ ನಾವು ಮಾಡಬಹುದಾದ ಕೊನೆಯ ಗೌರವ ಇದು ತಾಯೀ. ವ್ಯಾನಿನ ಹಿಂದೆ ನಮ್ಮ ಹದಿನಾಲ್ಕು ಕಾರುಗಳೂ ಮೆರವಣಿಗೆಯಲ್ಲಿ ಬರ್ತವೆ. ಮುಂದಿನ ಕಾರಿನಲ್ಲಿ, ನನ್ನ ಪಕ್ಕದಲ್ಲಿ, ನೀವು ಕೂತ್ಕೋಬೇಕು."

"ಅಮ್ಮ ನನ್ ಜೊತೆ ವ್ಯಾನಲ್ಲಿ ಬರ್ತಾಳೆ," ಎಂದಳು ಮಗಳು.

"ನಾನು ಕಾರಲ್ಲೇ ಕೂತ್ಕೋತೀನಿ," ಎಂದಳು ಅಮ್ಮ.

ಮಗಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಮ್ಮ ಅವಳ ಕೈ ಹಿಡಿದೆಳೆದು ಕಿವಿಯ ಹತ್ತಿರ ಹೇಳಿದಳು: "ನಲವತ್ತು ವರ್ಷ ಇವರು ಆ ಕಾರುಗಳ ಅಡಿಯಲ್ಲೇ ಮಲ್ಗಿದ್ರು ಕಣೇ. ನಾನು ಒಂದ್ ಸಲಾನೂ ಒಂದ್ರಲ್ಲೂ ಕೂತಿಲ್ಲ. ಏನಿತ್ತು ಅದ್ರಲ್ಲಿ ಅಂತ ನೋಡ್ಬೇಡ್ವಾ ನಾನು?"

ಮಗಳು ಕೈ ಬಿಡಿಸಿಕೊಂಡಳು. ಅವಳು ಅಧ್ಯಕ್ಷರನ್ನು ನೋಡಿದಳು. "ಪೆಟ್ಟಿಗೆ ಮುಚ್ಚೋಕೆ ಮುಂಚೆ ನೀವೊಂದು ಮಾತು ಹೇಳೋದಿದೆ ಸಾರ್."

"ಖಂಡಿತ. ಭಾಷಣ ಬರ್ಕೊಂಡೇ ಬಂದಿದೀನಿ. ಅಲ್ಲೇ, ಸಮಾಧಿ ಹತ್ರ ಮಾತಾಡ್ತೀನಿ."

"ಅದ್ರಲ್ಲಿ ಬೆಂಕಿ ವಿಷಯ ಇದೆಯಾ?"

"ಇಂಥಾ ಹೊತ್ತಲ್ಲಿ ಹಳೇದನ್ನೆಲ್ಲ ಯಾಕಮ್ಮ ಕೆದಕ್ತೀಯ? ನಾವು ಅದನ್ನ ಯಾವತ್ತೋ ಕ್ಷಮಿಸಿ ಆಯ್ತು."

ಕ್ಷಮಿಸಿ ಆಯ್ತಂತೆ! ಆ ಮಾತಿಗೆ ಅವಳ ಕೈ ತಾನಾಗಿ ಮೇಲೆದ್ದಿತ್ತು. ಪೇಂಟರ್ ಮಾಮ ನಡುವೆ ಬಂದು ನಿಲ್ಲದಿದ್ದರೆ ಅದು ಎಲ್ಲಿಗೆ ಹೋಗಿ ಇಳಿಯುತ್ತಿತ್ತೋ.

*

ಅಪ್ಪನಿಗೆ ಮೂಗು ಮೇಸ್ತ್ರಿ ಎಂಬ ಹೆಸರು ಬಂದದ್ದು ಗೇಲಿಗೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಮೇಲೆ ಐದು ನಿಮಿಷ ಯಾರೂ ಏನೂ ಮಾಡುವಂತಿರಲಿಲ್ಲ. ದೀಪದ ಸ್ವಿಚ್ಚು ಮುಟ್ಟುವಂತಿಲ್ಲ, ಕಾಫಿ ತರುವಂತಿಲ್ಲ, ಸೆಂಟು ಹಾಕಿಕೊಂಡು ಬಂದವರು ಹೊರಗೇ ನಿಲ್ಲಬೇಕು. ಅಪ್ಪ ಒಬ್ಬನೇ ಒಳಗೆ ಹೋಗಿ, ಪ್ರತಿಯೊಂದು ಕಾರಿನ ಮೂತಿಯ ಹತ್ತಿರ ಮೊಣಕಾಲೂರಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಹೊರಗೆ ನಿಂತ ಪೇಂಟರ್ ಮಾಮ, "ಮುತ್ತು ಕೊಟ್ಟು ಮುಗೀತೇನಯ್ಯಾ?" ಎಂದು ಕೂಗುತ್ತಿದ್ದ.

ಮಗಳು ಇಪ್ಪತ್ತೊಂದನೇ ವಯಸ್ಸಿಗೆ, ಓದು ತಲೆಗೆ ಹತ್ತದೆ, ಅಪ್ಪನ ಜೊತೆ ಕೆಲಸಕ್ಕೆ ನಿಂತಳು. ಮೊದಲ ವಾರ ಅವಳಿಗೆ ಪಾನಾ ಕೊಡಲಿಲ್ಲ. ಹಳೆಯ ರಬ್ಬರ್ ಪೈಪಿನ ತುಂಡುಗಳನ್ನು ಒಂದು ಡಬ್ಬಿಯ ತುಂಬ ಕೊಟ್ಟು, ಬಗ್ಗಿಸಿ ನೋಡು ಎಂದ.

"ಬಗ್ಗಿಸಿದಾಗ ಮೈಮೇಲೆ ಕೂದಲೆಳೆಯಂಥ ಬಿರುಕು ಕಾಣುತ್ತಾ? ಕಂಡ್ರೆ ಅದು ಸತ್ತಿದೆ ಅಂತ ಲೆಕ್ಕ. ಸತ್ತಿದ್ರೂ ಇನ್ನೊಂದ್ ವರ್ಷ ಪೆಟ್ರೋಲ್ ಹೊರುತ್ತೆ, ಅದೇ ಅಪಾಯ. ಈ ರಬ್ಬರ್ ಹುಟ್ಟಿದ್ದು ಆಗಿನ ಪೆಟ್ರೋಲಿಗೆ. ಈಗಿನದ್ರಲ್ಲಿ ಮದ್ಯಸಾರ ಬೆರೆಸ್ತಾರೆ, ಅದು ಒಳಗಿಂದ ತಿನ್ನುತ್ತೆ. ಹೊರಗೆ ನೋಡೋಕೆ ಮದುಮಗನ ಥರ ಇರುತ್ತೆ."

ಹಳೇ ಕಾರುಗಳಲ್ಲಿ ಪೆಟ್ರೋಲು ಹೋಗುವ ಜಾಗ ಒಂದು, ಅದರ ಒಂದು ಗೇಣು ಕೆಳಗೆ ಕೆಂಡದಂತೆ ಕಾಯುವ ಹೊಗೆಪೈಪು ಇನ್ನೊಂದು. ಹೀಗೆ ಮಾಡಿದವನು ಮಹಾನುಭಾವ ಎಂದು ಅಪ್ಪ ಬೈಯುತ್ತಿದ್ದ. ಮೇಲಿನಿಂದ ಒಂದು ತೊಟ್ಟು ಕೆಳಗೆ ಬೀಳದಂತೆ ನೋಡಿಕೊಳ್ಳುವುದೇ ತನ್ನ ಕೆಲಸ, ಉಳಿದದ್ದೆಲ್ಲ ಅಲಂಕಾರ ಎನ್ನುತ್ತಿದ್ದ. ಹೊಸ ಪೈಪು ಹಾಕಿದಾಗಲೆಲ್ಲ ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ತಾರೀಖು ಬರೆಯುತ್ತಿದ್ದ. ಐದು ವರ್ಷ ತುಂಬಿದ ಪೈಪು ಎಷ್ಟೇ ಚೆನ್ನಾಗಿರಲಿ, ಕಿತ್ತು ಡಬ್ಬಿಗೆ ಹಾಕುತ್ತಿದ್ದ. ಹಾಕಿಸಿಕೊಳ್ಳದ ಮಾಲೀಕರಿಗೆ ಕಾರಿನ ಕೀಲಿ ಕೊಡುತ್ತಿರಲಿಲ್ಲ. ಅವರು ಕೂಗಾಡುತ್ತಿದ್ದರು, ಇವನು ಮೂಗೊರೆಸಿಕೊಂಡು ನಿಂತಿರುತ್ತಿದ್ದ.

ಮಾಲೀಕರ ಸಂಕಟವೇ ಬೇರೆ. ಸಂಘದ ಪ್ರದರ್ಶನದಲ್ಲಿ ತೀರ್ಪುಗಾರರು ಬಾನೆಟ್ ತೆಗೆಸಿ, ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೇ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಆಗಿನ ಪೈಪಿಗೆ ಬಟ್ಟೆಯ ಹೆಣಿಗೆ, ತಂತಿಯ ಕ್ಲಿಪ್ಪು. ಅಪ್ಪನದು ಕಪ್ಪು ಪೈಪು, ಅಗಲ ಪಟ್ಟಿಯ ಕ್ಲಿಪ್ಪು. ಕಪ್ಪು ಕಂಡರೆ ಅಂಕ ಹೋಯಿತು.

"ಕಪ್ ಗೆಲ್ಲೋಕೆ ಹೋಗಿ ಮನೆ ಸುಟ್ಕೋತಾರೆ, ಮಂಗಗಳು," ಎನ್ನುತ್ತಿದ್ದ ಅಪ್ಪ.

ಒಮ್ಮೆ ಮಗಳು ಕೇಳಿದ್ದಳು: "ಇಷ್ಟು ವರ್ಷದಲ್ಲಿ ಎಷ್ಟು ಕಾರು ಉಳಿಸಿರ್ಬಹುದಪ್ಪಾ ನೀನು?"

"ಯಾರಿಗ್ಗೊತ್ತು? ಹತ್ತಿದ ಬೆಂಕಿ ಆದ್ರೆ ಲೆಕ್ಕ ಹಾಕ್ಬಹುದು. ಹತ್ತದೇ ಹೋಗಿದ್ದನ್ನ ಯಾರು ನೋಡಿರ್ತಾರೆ?"

*

ಹತ್ತಿದ ಬೆಂಕಿ ಒಂದೇ ಒಂದು. ಅದನ್ನು ಮಾತ್ರ ಎಲ್ಲರೂ ನೋಡಿದರು.

ಆಗ ಅಧ್ಯಕ್ಷರ ಹತ್ತಿರ ನೀಲಿ ಕಾರಿತ್ತು. ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದು, ಕಪ್ಪನ್ನು ಹೆಂಡತಿಯ ತೊಡೆಯ ಮೇಲಿಟ್ಟು, ಮನೆಯ ಕಡೆ ಹೊರಟಿದ್ದರು. ಏರುರಸ್ತೆಯ ಅರ್ಧದಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಅಪ್ಪ ಎಲ್ಲರಿಗೂ ಗಿಣಿಗೆ ಹೇಳಿದಂತೆ ಹೇಳಿದ್ದ: ಹೊಗೆ ಕಂಡರೆ ಬಾನೆಟ್ ತೆಗೆಯಬೇಡಿ, ಗಾಳಿ ಸಿಕ್ಕರೆ ಭಗ್ಗೆನ್ನುತ್ತದೆ, ಸಂದಿಯಿಂದಲೇ ನಂದಿಸುವ ಪುಡಿ ಸಿಂಪಡಿಸಿ ಎಂದು. ಅಧ್ಯಕ್ಷರು ಇಳಿದು ಬಾನೆಟ್ ಪೂರ್ತಿ ಎತ್ತಿದರು. ಪುಡಿಯ ಸಿಲಿಂಡರು ಇರಲಿಲ್ಲ. ಚೆಂದ ಕಾಣುವುದಿಲ್ಲವೆಂದು ಅದನ್ನು ಮನೆಯಲ್ಲೇ ಬಿಟ್ಟಿದ್ದರು. ಅವರಿಗೆ ಹುಬ್ಬು ಸೀದದ್ದು ಬಿಟ್ಟರೆ ಏನೂ ಆಗಲಿಲ್ಲ. ಹೆಂಡತಿಯ ಕಡೆಯ ಬಾಗಿಲು ಸಿಕ್ಕಿಕೊಂಡಿತ್ತು. ಆಕೆ ಹೊರಗೆ ಬರುವಷ್ಟರಲ್ಲಿ ಎಡಗೈ ಬೆರಳಿನಿಂದ ಭುಜದವರೆಗೆ ಸುಟ್ಟುಹೋಗಿತ್ತು.

ಅಪ್ಪ ಮೂರು ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಮೂರನೇ ದಿನ ಆಕೆ ಒಳಗಿನಿಂದ ಹೇಳಿಕಳಿಸಿದಳು: "ಅವನ ಮುಖ ನನಗೆ ತೋರಿಸ್ಬೇಡಿ." ಅಲ್ಲಿಂದ ಎದ್ದವನು ಸುಟ್ಟ ಕಾರಿದ್ದ ಜಾಗಕ್ಕೆ ಹೋದ. ರಬ್ಬರು ಬೂದಿಯಾಗಿತ್ತು, ಲೋಹ ಉಳಿದಿತ್ತು. ಬೂದಿ ಕೆದಕಿದರೆ ಸಿಕ್ಕಿದ್ದು ಎರಡು ತಂತಿಯ ಕ್ಲಿಪ್ಪು. ತಾನು ಹಾಕಿದ ಪಟ್ಟಿಯ ಕ್ಲಿಪ್ಪುಗಳು ಅಲ್ಲಿರಲೇ ಇಲ್ಲ.

"ನನ್ ಪೈಪು ಬಿಚ್ಚಿ ಹಳೇದು ಹಾಕಿದಾರೆ ಸಾರ್ ಯಾರೋ," ಎಂದು ಅಧ್ಯಕ್ಷರ ಮುಂದೆ ಅಂಗೈ ಚಾಚಿದ.

"ನೀನೇ ಹಾಕಿದ್ದು, ನೀನೇ ತಪ್ಪು ಮಾಡಿದ್ದು. ಈಗ ನನ್ ತಲೆಗೆ ಕಟ್ತಿದೀಯಾ?" ಎಂದರು ಅಧ್ಯಕ್ಷರು. ಆ ವಾರವೇ ಕಾಗದ ಹಂಚಿದರು.

ಅಪ್ಪ ವಾದ ಮಾಡಲಿಲ್ಲ. ಮನೆಗೆ ಬಂದು, ಸದಸ್ಯರ ಪಟ್ಟಿ ಮುಂದಿಟ್ಟುಕೊಂಡು, ಒಬ್ಬೊಬ್ಬರಿಗೂ ಫೋನು ಮಾಡಿದ. "ನನ್ನ ಬೈಕೊಳ್ಳಿ ಪರವಾಗಿಲ್ಲ. ಆದ್ರೆ ಇವತ್ತೇ ಬಾನೆಟ್ ತೆಗೆದು ಪೈಪು ಬಗ್ಗಿಸಿ ನೋಡಿ." ಅರ್ಧ ಜನ ಮಾತು ಮುಗಿಯುವ ಮೊದಲೇ ಫೋನಿಟ್ಟರು. ಉಳಿದರ್ಧಕ್ಕೆ ಅವನು ಅದನ್ನೇ ಮತ್ತೆ ಹೇಳಿದ.

ಮಗಳು ಆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಫೋನುಗಳೆಲ್ಲ ಮುಗಿದ ಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಹನ್ನೊಂದು ವರ್ಷದಿಂದ ಯಾರಿಗೂ ಹೇಳಿಲ್ಲ. "ಅಪ್ಪಾ, ನೀನು ಕ್ಲಿಪ್ಪು ಸರಿಯಾಗಿ ಬಿಗಿ ಮಾಡಿದ್ದೆ ತಾನೇ?" ಎಂದು ಕೇಳಿದ್ದಳು.

ಅಪ್ಪ ಅವಳನ್ನು ನೋಡಿದ. "ಮಾಡಿದ್ದೆ" ಎಂದ. ಎದ್ದು ಕೈ ತೊಳೆಯಲು ಹೋದ. ಊರೆಲ್ಲ ಅನುಮಾನಪಟ್ಟದ್ದನ್ನು ಹೊಟ್ಟೆಗೆ ಹಾಕಿಕೊಂಡವನಿಗೆ ಅದೊಂದು ಮಾತ್ರ ಇಳಿಯಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಅಧ್ಯಕ್ಷರ ಮೇಲಿನ ಅವಳ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದ್ದೇ ಆಗಿತ್ತು. ಆದರೆ ಆ ಅರ್ಧವನ್ನೂ ಅವರೇ ತಂದಿಟ್ಟದ್ದಲ್ಲವೇ?

*

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿ ಆಯಿತು. ಮುಚ್ಚಳವನ್ನು ಮೇಲಿಟ್ಟಿದ್ದರು, ಮೊಳೆ ಹೊಡೆದಿರಲಿಲ್ಲ. ಅಪ್ಪನ ಗುರುತಿನವರು, ಬಿಡಿಭಾಗದ ಅಂಗಡಿಯವರು, ಬೀದಿಯವರು ಹಿಂದೆ ಗುಂಪಾಗಿ ನಿಂತರು. ಅವರಿಗೂ ವ್ಯಾನಿಗೂ ನಡುವೆ ಕಾರುಗಳ ಸಾಲು. ಹತ್ತು ನಿಮಿಷದಿಂದ ಹದಿನಾಲ್ಕೂ ಎಂಜಿನ್ನುಗಳು ನಿಂತಲ್ಲೇ ಗೊರಗುಟ್ಟುತ್ತಿದ್ದವು. ಅದೂ ಗೌರವವಂತೆ. ನಿಂತ ಕಾರಿನ ಎಂಜಿನ್ ಓಡಿಸಬೇಡಿ, ಗಾಳಿಯಾಡದೆ ಕಾಯುತ್ತದೆ ಎಂದು ಅಪ್ಪ ಬಡಕೊಂಡಿದ್ದು ಒಬ್ಬರ ಕಿವಿಗೂ ಬಿದ್ದಿರಲಿಲ್ಲ.

ಎಲ್ಲಕ್ಕಿಂತ ಮುಂದಿದ್ದದ್ದು ಬೆಳ್ಳಿ ಕಾರು. ಅದರಿಂದ ಅಧ್ಯಕ್ಷರ ಹೆಂಡತಿ ಇಳಿದು ಅಮ್ಮನಿಗೆ ಜಾಗ ಬಿಟ್ಟುಕೊಟ್ಟಳು. ಉದ್ದ ತೋಳಿನ ಕಪ್ಪು ಉಡುಪು, ಎಡಗೈಗೆ ಮಾತ್ರ ಗವಸು. ಈ ಬೀದಿಗೆ ಆಕೆ ಬಂದದ್ದು ಇದೇ ಮೊದಲು. ಅಮ್ಮ ಆಕೆಗೆ ತಲೆ ಬಾಗಿಸಿದಳು, ಆಕೆಯೂ ಬಾಗಿಸಿದಳು. ಅಮ್ಮ ಮೊಣಕಾಲು ಹಿಡಿದುಕೊಂಡು ಆ ತಗ್ಗು ಸೀಟಿಗೆ ಇಳಿದಳು. ಕೂತವಳು ಡ್ಯಾಶಿನ ಮರದ ಹಲಗೆಯನ್ನು ಬೆರಳಿನಿಂದ ಒಮ್ಮೆ ಸವರಿದಳು.

ವ್ಯಾನಿನ ಮೆಟ್ಟಿಲು ಹತ್ತಲು ಕಾಲಿಟ್ಟಿದ್ದ ಮಗಳು ಹಾಗೇ ನಿಂತುಬಿಟ್ಟಳು.

ಹದಿನಾಲ್ಕು ಕಾರಿನ ಹೊಗೆ, ಹೂವು, ಜನರ ಬೆವರು, ಇಷ್ಟರ ನಡುವೆ ಒಂದು ಸಣ್ಣ ಎಳೆ. ಸುಟ್ಟ ಪೆಟ್ರೋಲಿನದ್ದಲ್ಲ, ಹಸಿ ಪೆಟ್ರೋಲಿನದು. ಸಿಹಿಯಾಗಿ, ತಣ್ಣಗೆ, ಮೂಗಿನ ಮೇಲುಭಾಗಕ್ಕೆ ಹತ್ತುವಂಥದ್ದು. ಅವಳು ಕಣ್ಣು ಮುಚ್ಚಿದಳು. ಎಡಕ್ಕೆ ತಿರುಗಿದಳು, ವಾಸನೆ ಕಡಿಮೆಯಾಯಿತು. ಬಲಕ್ಕೆ ತಿರುಗಿದಳು. ಬೆಳ್ಳಿ ಕಾರು.

"ಆಫ್ ಮಾಡಿ!" ಎಂದು ಕಿರುಚಿಕೊಂಡೇ ಓಡಿದಳು. "ಎಂಜಿನ್ ಆಫ್ ಮಾಡಿ! ಅಮ್ಮಾ, ಇಳಿ! ಇಳಿಯೇ ಕೆಳಗೆ!"

"ಏನಾಯ್ತೀಗ?" ಎಂದರು ಅಧ್ಯಕ್ಷರು, ಕೈ ಸ್ಟೀರಿಂಗಿನ ಮೇಲೇ ಇತ್ತು. ಅವಳು ಕಿಟಕಿಯೊಳಗೆ ತೂರಿ ಕೀಲಿ ತಿರುಗಿಸಿ ಕಿತ್ತಳು, ಡ್ಯಾಶಿನ ಕೆಳಗೆ ಕೈ ಹಾಕಿ ಕೆಂಪು ಸ್ವಿಚ್ಚನ್ನು ಆರಿಸಿದಳು. ಆಚೆ ಕಡೆಯಿಂದ ಪೇಂಟರ್ ಮಾಮ ಅಮ್ಮನನ್ನು ರಟ್ಟೆ ಹಿಡಿದು ಎಬ್ಬಿಸಿ ಫುಟ್‌ಪಾತಿಗೆ ಕರೆದೊಯ್ದ. ಹಿಂದಿನ ಕಾರುಗಳ ಎಂಜಿನ್ನುಗಳು ಯಾರೂ ಹೇಳದೆಯೇ ಒಂದೊಂದಾಗಿ ನಿಂತವು.

ಅವಳು ಬಾನೆಟ್ಟಿನ ಸಂದಿಗೆ ಮೂಗಿಟ್ಟು ನೋಡಿದಳು. ಹೊಗೆಯಿಲ್ಲ. ಮುಟ್ಟಿದರೆ ಬಣ್ಣ ಉಬ್ಬಿಲ್ಲ. ಬೆಂಕಿಯಿಲ್ಲವೆಂದು ಖಾತ್ರಿಯಾದ ಮೇಲೆ ಚಿಲಕ ಎಳೆದು ಎತ್ತಿದಳು. ವಾಸನೆ ಮುಖಕ್ಕೆ ರಾಚಿತು. ಬಾನೆಟ್ಟಿಗೆ ಆನಿಸುವ ಕಡ್ಡಿಗಾಗಿ ತಡಕಾಡಿದಳು, ಇರಲಿಲ್ಲ.

"ಪಾಲಿಶಿಗೆ ಕೊಟ್ಟಿದೆ," ಎಂದರು ಅಧ್ಯಕ್ಷರು, ಕೆಳಗಿಳಿದು ಬಂದು.

"ಹಾಗಾದ್ರೆ ನೀವೇ ಹಿಡ್ಕೊಳ್ಳಿ. ಎರಡೂ ಕೈಲಿ."

ಅವರು ಹಿಡಿದುಕೊಂಡರು. ಅವಳು ಒಳಗೆ ಬಗ್ಗಿದಳು. ಬಿಳಿ ತಾರೀಖು ಬರೆದ ಅವಳ ಕಪ್ಪು ಪೈಪು ಅಲ್ಲಿರಲಿಲ್ಲ. ಆ ಜಾಗದಲ್ಲಿ ಬಟ್ಟೆಯ ಹೆಣಿಗೆಯ ಹಳೇ ಪೈಪು, ತೊಳೆದು ಒರೆಸಿ ಅಂದಗೊಳಿಸಿದ್ದು, ಅದರ ತುದಿಗೆ ತಂತಿಯ ಕ್ಲಿಪ್ಪು. ಕ್ಲಿಪ್ಪಿನ ಕೆಳಗೆ ಒಂದು ತೊಟ್ಟು ಊರಿ, ದಪ್ಪಗಾಗಿ, ಬಿತ್ತು. ಕಾದ ಹೊಗೆಪೈಪಿನಿಂದ ನಾಲ್ಕು ಬೆರಳು ಈಚೆಗೆ ಬಿತ್ತು. ಕಾರು ಚಲಿಸಿದ್ದರೆ, ಬ್ರೇಕು ಹಾಕಿದ್ದರೆ, ಆ ನಾಲ್ಕು ಬೆರಳು ಏನೇನೂ ಅಲ್ಲ.

ಈಗಷ್ಟೇ ಅಮ್ಮ ಇದೇ ಕಾರಿನಲ್ಲಿ ಕೂತಿದ್ದಳು. ಭಯ ಬಂದಷ್ಟೇ ವೇಗವಾಗಿ ಸಿಟ್ಟಾಗಿ ತಿರುಗಿತು. ಕ್ಲಿಪ್ಪು ಸಡಿಲಿಸಿ, ಪೆಟ್ರೋಲ್ ಬರುವ ಕಡೆಯನ್ನು ಚಿಂದಿ ತುರುಕಿ ಮುಚ್ಚಿ, ಪೈಪನ್ನು ಕಿತ್ತು ತೆಗೆದಳು.

"ಮೂರು ತಿಂಗಳ ಹಿಂದೆ ನನ್ ಕೈಯಾರೆ ಹಾಕಿದ ಪೈಪು ಎಲ್ಲಿ ಸಾರ್?"

"ಮನೇಲಿದೆ. ಜೋಪಾನವಾಗಿದೆ. ನೋಡಮ್ಮಾ, ಭಾನುವಾರ ಪ್ರದರ್ಶನ. ಅದು ಮುಗಿದ ತಕ್ಷಣ ವಾಪಸ್ ಹಾಕಿಸ್ತಿದ್ದೆ. ಆವಾಗ್ಲೂ ಹಾಗೇ ಅಂದ್ಕೊಂಡೇ..."

ಅಲ್ಲಿಗೆ ನಿಲ್ಲಿಸಿದರು.

"ಆವಾಗ ಅಂದ್ರೆ ಯಾವಾಗ?" ಎಂದಳು ಅಧ್ಯಕ್ಷರ ಹೆಂಡತಿ.

ಆಕೆ ಫುಟ್‌ಪಾತಿನಿಂದ ಇಳಿದು ಬಂದಿದ್ದಳು. ಅಧ್ಯಕ್ಷರು ಬಾನೆಟ್ಟನ್ನು ನೋಡಿದರು, ಆಕಾಶವನ್ನು ನೋಡಿದರು. "ಮನೆಗೆ ಹೋಗಿ ಮಾತಾಡೋಣ" ಎಂದರು.

"ಕೇಳಿದ್ದಕ್ಕೆ ಉತ್ತರ ಹೇಳಿ. ಯಾವಾಗ?"

"ನೀಲಿ ಕಾರಿಗೆ... ಆ ಬೆಳಿಗ್ಗೆ. ಒಂದು ದಿನದ ಮಟ್ಟಿಗೆ. ಮನೆಗೆ ಬಂದು ಬದಲಾಯಿಸೋಣ ಅಂತಿದ್ದೆ. ದಾರೀಲಿ ಹಾಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಮೇಸ್ತ್ರಿಗೆ ಗೊತ್ತಿತ್ತು," ಎಂದಳು ಮಗಳು. "ಹೇಳಿದ್ರು. ಬಾಯಿ ನೋಯೋವಷ್ಟು ಹೇಳಿದ್ರು. ಈಗ ನೀವು ಹೇಳಿ. ಭಾಷಣ ಬೇಡ. ಆ ಬೆಂಕಿ ಯಾರ ತಪ್ಪು?"

"ನನ್ನ ತಪ್ಪು," ಎಂದರು ಅಧ್ಯಕ್ಷರು, ಕೋಟಿನ ಗುಂಡಿಗಳಿಗೆ ಹೇಳಿದ ಹಾಗೆ.

"ಹಿಂದಿರೋರಿಗೆ ಕೇಳಿಸ್ಲಿಲ್ಲ," ಎಂದು ಪೇಂಟರ್ ಮಾಮ ಕೂಗಿದ.

"ನನ್ನ ತಪ್ಪು! ಮೇಸ್ತ್ರಿದಲ್ಲ. ಪೈಪು ಬದಲಾಯಿಸಿದ್ದು ನಾನು. ಸಾಕಾ?"

ಸಾಕಾಗಲಿಲ್ಲ. ಹನ್ನೊಂದು ವರ್ಷ ಕಾದಿದ್ದು ಈ ಮಾತಿಗೇ ಆದರೂ, ಕೇಳಿದ ಮೇಲೆ ಅವಳಿಗೆ ಹಗುರಾಗಲಿಲ್ಲ, ಮೈಯೆಲ್ಲ ಇನ್ನಷ್ಟು ಉರಿಯಿತು. ಇದನ್ನು ಕೇಳಬೇಕಾಗಿದ್ದ ಕಿವಿ ವ್ಯಾನಿನಲ್ಲಿ ಮುಚ್ಚಳದ ಕೆಳಗಿತ್ತು. ಅವಳು ವ್ಯಾನಿನೊಳಗೆ ಹತ್ತಿ ಮುಚ್ಚಳವನ್ನು ಒಂದು ಮೊಳ ಸರಿಸಿದಳು. ಅಪ್ಪನ ಮುಖ ತಣ್ಣಗೆ, ಸ್ವಲ್ಪ ಬೇಸರಗೊಂಡ ಹಾಗಿತ್ತು.

"ಅಪ್ಪಾ," ಎಂದಳು. "ಕ್ಲಿಪ್ಪು ನೀನು ಸರಿಯಾಗೇ ಬಿಗಿ ಮಾಡಿದ್ದೆ. ನಾನು ಕೇಳ್ಬಾರ್ದಾಗಿತ್ತು."

ಮುಚ್ಚಳ ಸರಿಮಾಡಿ ಕೆಳಗಿಳಿದಳು.

ಅಧ್ಯಕ್ಷರ ಹೆಂಡತಿ ಇನ್ನೂ ಅಲ್ಲೇ ನಿಂತಿದ್ದಳು. ಮಗಳ ಕೈಯಿಂದ ಆ ಹಳೇ ಪೈಪನ್ನು ತೆಗೆದುಕೊಂಡು ಎರಡೂ ಕೈಗಳಿಂದ ಬಗ್ಗಿಸಿದಳು. ಅದು ಒಣ ಕಡ್ಡಿಯ ಹಾಗೆ ಲಟಕ್ಕೆಂದಿತು. ಒಳಗೆ ಉಳಿದಿದ್ದ ಪೆಟ್ರೋಲು ಗವಸಿನ ಮೇಲೆ ಚೆಲ್ಲಿತು. ಆಕೆ ಗವಸು ಬಿಚ್ಚಿ ಪೈಪಿನ ಜೊತೆಗೇ ಗಂಡನ ಕಾಲಬುಡಕ್ಕೆ ಎಸೆದಳು.

"ಮೂರು ದಿನ ಅವರು ಬೆಂಚಿನ ಮೇಲೆ ಕೂತಿದ್ರಂತೆ," ಎಂದಳು ಅಮ್ಮನಿಗೆ. "ನಾನು ಮುಖ ನೋಡಲ್ಲ ಅಂದ್ಬಿಟ್ಟೆ."

ಅಮ್ಮ ಸಮಾಧಾನ ಹೇಳಲಿಲ್ಲ. "ಹೌದು, ಅಂದ್ರಿ," ಎಂದಳು. ಆಮೇಲೆ, "ನಂಗೆ ಮಂಡಿನೋವು, ಕೈ ಕೊಡ್ತೀರಾ? ನಡ್ಕೊಂಡೇ ಹೋಗೋಣ" ಎಂದಳು.

ಮಗಳು ಉಳಿದ ಹದಿಮೂರು ಕಾರುಗಳ ಕಡೆ ತಿರುಗಿದಳು. "ನಿಮ್ಮಲ್ಲಿ ಯಾರ್ಯಾರದ್ದು ಭಾನುವಾರಕ್ಕೆ ಬದಲಾಗಿದೆ?"

ಹಲ್ಲಿನ ಡಾಕ್ಟರು ತಮ್ಮ ಕಾರಿನ ಕೀಲಿಯನ್ನು ಜೇಬಿಗಿಳಿಸಿ, ಬಾಗಿಲು ಮುಚ್ಚಿ, ವ್ಯಾನಿನ ಹಿಂದೆ ಬಂದು ನಿಂತರು. ಅವರ ಹಿಂದೆ ಇನ್ನೊಬ್ಬರು ಬಂದರು. ಆಮೇಲೆ ಉಳಿದವರೂ.

"ಈ ಬಾನೆಟ್ ಮುಚ್ಬಹುದಾ ನಾನು?" ಎಂದು ಕೇಳಿದರು ಅಧ್ಯಕ್ಷರು.

"ಮುಚ್ಚಿದ್ರೆ ಆವಿ ಒಳಗೇ ಕೂತ್ಕೊಳ್ಳುತ್ತೆ. ಕೆಳಗಿನ ಹೊಗೆಪೈಪು ಇನ್ನೂ ಕೆಂಡ," ಎಂದಳು ಮಗಳು. "ಅದು ಆರೋವರೆಗೂ ತೆರೆದೇ ಇರ್ಬೇಕು. ಅರ್ಧ ಗಂಟೆ."

ಡಾಕ್ಟರು ಸುತ್ತ ನೋಡಿದರು. "ಒಂದು ಕೋಲು ಕೊಡಿ ಯಾರಾದ್ರೂ, ಆನಿಸೋಣ."

"ಬೇಡ," ಎಂದಳು ಅಧ್ಯಕ್ಷರ ಹೆಂಡತಿ. "ಅವರೇ ಹಿಡ್ಕೊಳ್ಳಲಿ."

ವ್ಯಾನು ಮೆಲ್ಲಗೆ ಹೊರಟಿತು. ಅಮ್ಮ ಆಕೆಯ ಸುಟ್ಟ ಕೈಯನ್ನು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಊರುತ್ತ ಮುಂದೆ ನಡೆದಳು. ಜನ ಬೆಳ್ಳಿ ಕಾರನ್ನು ಎರಡೂ ಬದಿಯಿಂದ ಬಳಸಿಕೊಂಡು ಹೋದರು. ಒಬ್ಬರೂ ಅಲ್ಲಿ ನಿಲ್ಲಲಿಲ್ಲ. ಕೊನೆಯವಳಾಗಿ ಮಗಳು ದಾಟಿದಳು. ಅಧ್ಯಕ್ಷರು ಎರಡೂ ತೋಳುಗಳನ್ನು ತಲೆಯ ಮೇಲಕ್ಕೆತ್ತಿ ಬಾನೆಟ್ಟನ್ನು ಹೊತ್ತು ನಿಂತಿದ್ದರು. ತೋಳು ನಡುಗಲು ಶುರುವಾಗಿತ್ತು, ಹಣೆಯ ಬೆವರು ಹರಿದು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ.